ಫ್ರಿಜ್ ಬೇಡ, ಕಿಕರ್ ಬೇಕು

ನಮಸ್ಕಾರ.

ಡಚ್ ವಿಜ್ಞಾನಿ ಸಿಮೋನ್ ವಾನ್ ಡೆರ್ ಮೇರ್ ಕುರಿತ ನಿಮ್ಮ ಲೇಖನ ಓದಿದೆವು. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ಹಾಗೆ ಹಾಕಿಕೊಳ್ಳಲಾಗದು. ಏಕೆಂದು ಬಿಚ್ಚಿಯೇ ಹೇಳುತ್ತೇವೆ.

ಮೊದಲು ಸಣ್ಣಪುಟ್ಟವು. ಹೆಸರು ನಿಮ್ಮಲ್ಲಿ ಮೂರು ಬಗೆಯಾಗಿದೆ. ಡಚ್ಚರ ಉಚ್ಚಾರಣೆಗೆ ಹತ್ತಿರದ್ದು ‘ಮೇರ್’, ಕೊನೆತನಕ ಅದನ್ನೇ ಇಡಿ. ನಾಲ್ಕನೇ ಪ್ಯಾರಾದಲ್ಲಿ ‘ವಾನ್ ಡೆರ್ ವಾಲ್ಸ್ ಬಲವನ್ನು ವಿವರಿಸಿದವರೂ ಇವರೇ’ ಎಂದಿದ್ದೀರಿ. ಅಲ್ಲ! ಆ ವಾನ್ ಡೆರ್ ವಾಲ್ಸ್ 1910ರಲ್ಲಿ ನೊಬೆಲ್ ಪಡೆದು 1923ರಲ್ಲಿ ತೀರಿಕೊಂಡವರು. ನಿಮ್ಮ ನಾಯಕ ಹೇಗ್ ನಗರದಲ್ಲಿ ಹುಟ್ಟಿದ್ದೇ 1925ರಲ್ಲಿ. ‘ಪಿಎಚ್.ಡಿ. ಪಡೆದ ನಂತರ’ ಎಂಬುದನ್ನೂ ಹೊಡೆದುಹಾಕಿ. ಡೆಲ್ಫ್ಟ್‌ನಲ್ಲಿ ಎಂಜಿನಿಯರಿಂಗ್ ಓದಿ 1952ರಲ್ಲಿ ಹೊರಬಂದ ಅವರು ಪಿಎಚ್.ಡಿ. ಮಾಡಲೇ ಇಲ್ಲ. ಐಂಡ್‌ಹೋವನ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳ ಹೈವೋಲ್ಟೇಜ್ ಉಪಕರಣಗಳ ಮೇಲೆ ಕೆಲಸ ಮಾಡಿ, 1956ರಲ್ಲಿ ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್ ಸೇರಿದರು. ಎಂಜಿನಿಯರ್ ಕೈ ಎಲ್ಲಿ ಪಳಗಿತು ಎಂಬುದು ಇಲ್ಲಿದೆ. ನೀವು ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿ, ಬಾಲ್ಯಕ್ಕೆ ಎರಡು ಪುಟ ಕೊಟ್ಟಿದ್ದೀರಿ.

ಶೀರ್ಷಿಕೆಯೇ ದಾರಿ ತಪ್ಪಿದೆ: ‘ಡಬ್ಲ್ಯು, ಝಡ್ ಕಣ ಕಂಡುಹಿಡಿದ ಡಚ್ಚ’. ದುರ್ಬಲ ಬಲವನ್ನು ಹೊರುವ ಆ ಕಣಗಳನ್ನು 1983ರಲ್ಲಿ ಕಂಡದ್ದು ಸರ್ನ್‌ನ ಯುಎ1, ಯುಎ2 ಎಂಬ ಪ್ರಯೋಗ ತಂಡಗಳು. ಯುಎ1ರ ಮುಂದಾಳು ಕಾರ್ಲೋ ರುಬಿಯಾ. ವಾನ್ ಡೆರ್ ಮೇರ್ ಒದಗಿಸಿದ್ದು ಢಿಕ್ಕಿಗೆ ಸಾಕಾಗುವಷ್ಟು ದಟ್ಟವಾದ ಆಂಟಿಪ್ರೋಟಾನ್ (ಪ್ರೋಟಾನ್‌ನ ಪ್ರತಿಕಣ) ಕಿರಣ. 1984ರ ನೊಬೆಲ್ ಇಬ್ಬರಿಗೂ ಸಂದಿತು.

ಇನ್ನು ನಿಜವಾದ ತೊಡಕು. ನಿಮ್ಮ ವಾಕ್ಯ ಹೀಗಿದೆ: ‘ಅವರು ಕಣಗಳನ್ನು ಅತಿಶೀತಲ ದ್ರವದಲ್ಲಿ ತಣ್ಣಗಾಗಿಸಿ ನಿಧಾನಗೊಳಿಸಿದರು.’ ಇಲ್ಲಿ ದ್ರವವೂ ಇಲ್ಲ, ನಿಧಾನವೂ ಇಲ್ಲ. ಕಣಗಳು ಬೆಳಕಿನ ವೇಗದ ಹತ್ತಿರಹತ್ತಿರದಲ್ಲೇ ಓಡುತ್ತಿರುತ್ತವೆ. ಅವರ ವಿಧಾನದ ಹೆಸರು ಸ್ಟೊಕಾಸ್ಟಿಕ್ ಕೂಲಿಂಗ್. ಇಲ್ಲಿ ‘ತಂಪು’ ಎಂದರೆ ಗುಂಪಿನೊಳಗಿನ ಚೆಲ್ಲಾಪಿಲ್ಲಿತನ, ಅಡ್ಡಡ್ಡ ಓಲಾಟ, ವೇಗದ ಹೆಚ್ಚುಕಡಿಮೆ ತಗ್ಗುವುದು.

ತಗ್ಗಿಸುವ ಅಗತ್ಯವೇನಿತ್ತು ಎಂಬುದರಿಂದ ಶುರುಮಾಡಿ. 26 ಜಿಇವಿ (ಶತಕೋಟಿ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಪ್ರೋಟಾನ್‌ಗಳನ್ನು ಲೋಹದ ಗುರಿಗೆ ಹೊಡೆದರೆ, ಸುಮಾರು ಹತ್ತು ಲಕ್ಷಕ್ಕೆ ಒಂದು ಆಂಟಿಪ್ರೋಟಾನ್ ಕೈಗೆ ಸಿಗುತ್ತದೆ. ಸಿಕ್ಕಿದ್ದೂ ದಿಕ್ಕಾಪಾಲು. ಅದನ್ನು ಗಂಟೆಗಟ್ಟಲೆ ಒಂದರ ಮೇಲೊಂದು ಪೇರಿಸಬೇಕಾದರೆ, ಹೊಸ ಕಂತಿಗೆ, ಕಣಗಳು ಸುತ್ತುತ್ತಿರುವ ಕೊಳವೆಯ ಉಂಗುರದಲ್ಲಿ ಜಾಗ ಮಾಡಬೇಕು. ಅಲ್ಲಿ ಲಿಯುವಿಲ್ ಪ್ರಮೇಯ ಅಡ್ಡ ಬರುತ್ತದೆ: ಕಣಗಳ ಸ್ಥಾನ, ವೇಗಗಳ ಒಟ್ಟು ಹರವು ಕುಗ್ಗದು ಎನ್ನುತ್ತದೆ ಅದು. ಕಿರಣ ನೀರು ತುಂಬಿದ ಚೀಲದ ಹಾಗೆ. ಅಯಸ್ಕಾಂತದಿಂದ ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದೆ. ವಾನ್ ಡೆರ್ ಮೇರ್ ಹಿಡಿದ ಎಳೆ ಏನೆಂದರೆ, ಕಿರಣ ನೀರಲ್ಲ, ಮಂಡಕ್ಕಿ ಮೂಟೆ. ಕಾಳಿನ ನಡುವೆ ಖಾಲಿ ಜಾಗವಿದೆ. ಕಾಳು ಎಲ್ಲಿದೆಯೆಂದು ತಿಳಿದರೆ ಅದನ್ನು ಒಳಕ್ಕೆ ತಳ್ಳಬಹುದು.

ತಿಳಿಯುವುದು ಹೇಗೆ? ಉಂಗುರದ ಒಂದೆಡೆ ಪಿಕಪ್ ಎಂಬ ವಿದ್ಯುದಗ್ರಗಳು, ಹಾದುಹೋಗುವ ತುಣುಕಿನ ಸರಾಸರಿ ಸ್ಥಾನ ಎಷ್ಟು ಸರಿದಿದೆ ಎಂದು ಅಳೆಯುತ್ತವೆ. ಸಂಕೇತ ಆಂಪ್ಲಿಫೈಯರ್ ಹಾದು, ಉಂಗುರವನ್ನು ಅಡ್ಡ ದಾಟಿ ಎದುರಿನ ಕಿಕರ್‌ಗೆ, ಅಂದರೆ ಕಣಗಳನ್ನು ವಿದ್ಯುತ್ತಿನಿಂದ ತಳ್ಳುವ ಸಾಧನಕ್ಕೆ, ಓಡುತ್ತದೆ. ಕಣ ಬಳಸಿ ಬರಬೇಕು, ಕೇಬಲ್‌ಗೆ ಒಳದಾರಿ. ಅದೇ ತುಣುಕು ತಲುಪುವ ಹೊತ್ತಿಗೆ ಕಿಕರ್ ಸಿದ್ಧವಿರುತ್ತದೆ. ಇವೆರಡರ ನಡುವಿನ ಅಂತರ ಓಲಾಟದ ತರಂಗದ ಕಾಲುಭಾಗದ ಬೆಸಸಂಖ್ಯೆಯ ಪಟ್ಟು ಇರಬೇಕು. ಆಗ ಪಿಕಪ್‌ನಲ್ಲಿ ಕಂಡ ಸ್ಥಾನದ ತಪ್ಪು ಕಿಕರ್‌ನಲ್ಲಿ ಕೋನದ ತಪ್ಪಾಗಿರುತ್ತದೆ. ಕಿಕರ್ ತಿದ್ದಬಲ್ಲದ್ದು ಕೋನವನ್ನೇ.

ಎಡವುವ ಕಡೆಗಳನ್ನೂ ಬರೆಯಿರಿ, ಓದುಗರಿಗೆ ಹಿಡಿಸುವುದು ಅವೇ. ವರ್ಧನೆ ಅತಿಯಾದರೆ ನೆರೆಕಣಗಳ ಗದ್ದಲವೇ ಹಿಗ್ಗಿ ಕಿರಣ ಇನ್ನಷ್ಟು ಬಿಸಿಯೇರುತ್ತದೆ. ಒಮ್ಮೆ ತಿದ್ದಿದ ತುಣುಕಿನ ಸರಾಸರಿ ಸೊನ್ನೆಯ ಹತ್ತಿರ ಬಂದಿರುತ್ತದೆ, ಮತ್ತೆ ಸಂಕೇತ ಹುಟ್ಟಬೇಕಾದರೆ ಕಣಗಳು ಬೆರೆತು ಹೊಸ ಗುಂಪಾಗಬೇಕು. ಆದರೆ ಪಿಕಪ್‌ನಿಂದ ಕಿಕರ್‌ಗೆ ಹೋಗುವಷ್ಟರಲ್ಲೇ ಬೆರೆತರೆ, ಅಳೆದದ್ದು ಒಬ್ಬರನ್ನು, ತಳ್ಳಿದ್ದು ಇನ್ನೊಬ್ಬರನ್ನು! ಕಣಗಳು ಹೆಚ್ಚಿದಷ್ಟೂ ತಂಪು ನಿಧಾನ. ಆಂಪ್ಲಿಫೈಯರ್‌ನ ಆವರ್ತನ ವ್ಯಾಪ್ತಿ ಹಿಗ್ಗಿದಷ್ಟೂ ಬೇಗ.

ಈ ತಂಪಿನ ಯೋಚನೆ ಅವರಿಗೆ ಹೊಳೆದದ್ದು 1968ರಲ್ಲಿ, ಬರೆದು ಹೊರಗಿಟ್ಟದ್ದು 1972ರಲ್ಲಿ. ಆ ನಾಲ್ಕು ವರ್ಷ ಅವರಿಗೇ ಇದು ತೀರ ದೂರದ ಮಾತು ಅನ್ನಿಸಿತ್ತು. ನಿಮ್ಮ ‘ಮಹಾನ್ ಚೇತನ’, ‘ಅಪ್ರತಿಮ ಮೇಧಾವಿ’ಗಳನ್ನೆಲ್ಲ ತೆಗೆದು ಈ ಒಂದು ಸಂಗತಿ ಇಟ್ಟರೆ ಸಾಕು.

1961ರ ಮ್ಯಾಗ್ನೆಟಿಕ್ ಹಾರ್ನ್‌ಗೆ ಒಂದು ಪ್ಯಾರಾ ಕೊಡಿ: ಭಾರಿ ವಿದ್ಯುತ್ತನ್ನು ಕ್ಷಣಮಾತ್ರ ಹರಿಸಿ ಪಯಾನ್ ಎಂಬ ಅಲ್ಪಾಯು ಕಣಗಳನ್ನು ಮುಂದಕ್ಕೆ ಒಟ್ಟುಗೂಡಿಸುವ ಕಹಳೆ, ಅವು ಕ್ಷಯಿಸಿದಾಗ ನ್ಯೂಟ್ರಿನೊ ಕಿರಣ. ವಾನ್ ಡೆರ್ ಮೇರ್ ಸ್ಕ್ಯಾನ್ ನಿಮ್ಮಲ್ಲಿ ಸುಳಿದೇ ಇಲ್ಲ. ಒಂದು ಕಿರಣವನ್ನು ಇನ್ನೊಂದರ ಅಡ್ಡಕ್ಕೆ ಹೆಜ್ಜೆಹೆಜ್ಜೆಯಾಗಿ ಸರಿಸಿ, ಪ್ರತಿ ಹೆಜ್ಜೆಗೂ ಢಿಕ್ಕಿ ಎಣಿಸುವುದು. ಆ ಎಣಿಕೆಯ ವಕ್ರರೇಖೆ ಬರೆದು, ಅದರ ಕೆಳಗಿನ ವಿಸ್ತೀರ್ಣವನ್ನು ಅದರ ಶಿಖರದ ಎತ್ತರದಿಂದ ಭಾಗಿಸಿದರೆ ಕಿರಣಗಳು ಎಷ್ಟು ಅಗಲಕ್ಕೆ ಮೇಲುಬೀಳುತ್ತವೆ ಎಂದು ತಿಳಿಯುತ್ತದೆ. ಸರ್ನ್‌ನ ದೊಡ್ಡ ಢಿಕ್ಕಿಯಂತ್ರ ಎಲ್‌ಎಚ್‌ಸಿಯಲ್ಲೂ ಇದನ್ನೇ ಬಳಸುತ್ತಾರೆ.

1,200 ಪದದೊಳಗೆ ತಿದ್ದಿ ಕಳಿಸಿ. ಜೊತೆಗೆ ಕೈಯಲ್ಲೇ ಬರೆದ ಒಂದು ಚಿತ್ರವಿರಲಿ: ಉಂಗುರ, ಪಿಕಪ್, ಅಡ್ಡ ಹೋಗುವ ಕೇಬಲ್, ಕಿಕರ್. ನೊಬೆಲ್ ಪದಕದ ಫೋಟೊ ಬೇಡ.