ಸಿಂಕ್ ಪಕ್ಕದ ಬಿರುಕು: ಅಡುಗೆ ಕಟ್ಟೆಯ ಕಲ್ಲು ಬದಲಿಸಬೇಕೇ?

ಅಡುಗೆ ಕಟ್ಟೆಯ ಕಡಪಾ ಕಲ್ಲು ಸಿಂಕ್ ಪಕ್ಕದಲ್ಲಿ ಬಿರಿದು ಪದರ ಏಳುತ್ತಿದೆ, ಬಿಳಿ ಕಲೆಗಳೂ ಬಿದ್ದಿವೆ, ಬದಲಿಸಬೇಕೇ ಎಂದು ಧಾರವಾಡದಿಂದ ಕೇಳಿದ್ದೀರಿ. ಬಿರುಕಿಗೆ ಕಾರಣ, ಬಹುಶಃ ಸಿಂಕ್ ಅಂಚಿನ ಸಂದಿಗೆ ಹಚ್ಚಿದ ಸಿಲಿಕೋನ್ ಅಂಟು ಬಿಟ್ಟು ನೀರು ಒಳಗಿಳಿಯುತ್ತಿದೆ. ನೀವು ಹೇಳಿದ ಬಿಳಿ ಕಲೆಗಳು ಬೇರೆ. ಕಡಪಾ ಸುಣ್ಣಕಲ್ಲು; ಹುಣಸೆ, ನಿಂಬೆಯ ಹುಳಿ ಅದರ ಹೊಳಪನ್ನು ತಿನ್ನುತ್ತದೆ. ಅಷ್ಟಕ್ಕೇ ಕಲ್ಲು ಕೀಳಿಸಬೇಡಿ, ಪಾಲಿಶ್ ಸಾಕು.

ಮೊದಲು ಕೆಳಗಿನ ಕಪಾಟು ಖಾಲಿ ಮಾಡಿ, ಟಾರ್ಚ್ ಹಿಡಿದು ಕಲ್ಲಿನ ಅಡಿಭಾಗ ನೋಡಿ. ಬಳಿಕ ಬಿರುಕಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಎಡವಿ ಒಂದು ಬದಿ ತಗ್ಗಿದ್ದರೆ, ಅಥವಾ ಅಡಿಯಲ್ಲೂ ಅದೇ ಗೆರೆ ಕಂಡರೆ, ಬದಲಿಸಿಯೇ ಬಿಡಿ. ಅಲ್ಲಿಯವರೆಗೆ ತುಂಬಿದ ಕೊಡವನ್ನು ಅದರ ಮೇಲೆ ಇಡಬೇಡಿ. ಅಡಿಭಾಗ ಮುಚ್ಚಿಹೋಗಿದ್ದರೆ ಖಚಿತವಾಗಿ ಹೇಳಲಾಗದು, ಗೌಂಡಿಯನ್ನು ಕರೆದು ತೋರಿಸಿ.

ಬಿರುಕು ಮೇಲ್ಮೈಯಲ್ಲಷ್ಟೇ ಇದ್ದರೆ ಚೆನ್ನಾಗಿ ಒಣಗಿಸಿ, ಎಪಾಕ್ಸಿ ಅಂಟು ತುಂಬಿ, ಅಂಚಿಗೆ ಸಿಲಿಕೋನ್ ಹೊಸದಾಗಿ ಹಾಕಿಸಿ. ಬದಲಿಸುವುದಾದರೆ ಇಳಕಲ್ ಗ್ರಾನೈಟ್ ಕೇಳಿ, ಅದು ಅಡುಗೆಮನೆಯ ಹುಳಿಗೆ ಜಗ್ಗುವುದಿಲ್ಲ.