ಚಿಪ್ಪು ಚೆನ್ನಾಗಿದೆ, ಹುಳು ಎಲ್ಲಿ?

ನಮಸ್ಕಾರ,

ಗುಳ್ಳೆ ಬಸವನಹುಳುವಿನ ಬಗ್ಗೆ ನೀವು ಕಳಿಸಿದ ‘ಮರಳಿನ ಮುತ್ತು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ಕಡಲು, ಸಂಜೆ, ಬದುಕಿನ ನಶ್ವರತೆ ಎಲ್ಲ ಮುಗಿದ ಮೇಲೆ ಹುಳು ಬರುತ್ತದೆ. ಅಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಚಿಪ್ಪನ್ನು ‘ಗಾಜಿನ ಕನಸು’ ಎಂದಿದ್ದೀರಿ. ಬೆಳಕು ಹಾಯುವಷ್ಟು ತೆಳು, ಬೆರಳಲ್ಲಿ ಒತ್ತಿದರೆ ಪುಡಿ ಎಂದರೆ ಸಾಕಲ್ವಾ?

ದೊಡ್ಡ ತಪ್ಪು ನಾಲ್ಕನೇ ಪುಟದಲ್ಲಿದೆ. ‘ಅಪಾಯ ಕಂಡರೆ ಚಿಪ್ಪಿನೊಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತದೆ’ ಎಂದು ಬರೆದಿದ್ದೀರಿ. ಬೇರೆ ಎಷ್ಟೋ ಬಸವನಹುಳುಗಳು ಹಾಗೆ ಮಾಡುತ್ತವೆ. ನೀವು ಆರಿಸಿಕೊಂಡ ಹಾಮಿನಿಯಾ ಎಂಬ ಗುಳ್ಳೆ ಬಸವನಹುಳುವಿಗೆ ಚಿಪ್ಪಿನ ಬಾಯಿ ಮುಚ್ಚುವ ಬಾಗಿಲೇ ಇಲ್ಲ. ಮೈ ಪೂರ್ತಿ ಚಿಪ್ಪಿನಲ್ಲಿ ಹಿಡಿಸುವುದೂ ಇಲ್ಲ. ಪಾದದ ಎರಡೂ ಬದಿಯ ಮಡಿಕೆಗಳು ಮೇಲೆದ್ದು ಚಿಪ್ಪನ್ನೇ ಅಪ್ಪಿಕೊಂಡಿರುತ್ತವೆ. ಮನೆ ಹುಳುವನ್ನು ಕಾಯಬೇಕಾದಲ್ಲಿ ಹುಳುವೇ ಮನೆಯನ್ನು ಹೊದ್ದುಕೊಂಡಿದೆ! ಇಂಥದ್ದು ಕೈಯಲ್ಲಿದ್ದೂ ನೀವು ಕನಸಿನ ಕಡೆ ಹೋದಿರಿ. ತಲೆಯ ಮೇಲೆ ಚಪ್ಪಟೆ ಹಲಗೆಯಂಥ ಭಾಗವಿದೆ. ಅದನ್ನು ಮುಂದೆ ತಳ್ಳಿಕೊಂಡೇ ಅದು ಮರಳಿನೊಳಗೆ ನುಗ್ಗುವುದು. ಅದರ ಬಗ್ಗೆ ಒಂದು ಮಾತೂ ಇಲ್ಲ.

‘ಗಂಡು ಹೆಣ್ಣನ್ನು ಹುಡುಕಿ ಹೊರಟಿತು’ ಎಂಬುದೂ ಹೋಗಲಿ. ಇಲ್ಲಿ ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು.

‘ಪಾಪದ ಜೀವಿ’ ಎಂದು ಮೂರು ಕಡೆ ಬರೆದಿದ್ದೀರಿ, ಜಾಸ್ತಿಯಾಯಿತು. ಜಪಾನ್ ಕಡೆಯ ಹಾಮಿನಿಯಾ ಜಪೋನಿಕಾ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೂ ಬಂದು ಸೇರಿದೆ. ಅದರ ಮೈಯಲ್ಲಿ ಬೆಳೆಯುವ ಒಂದು ಪರಾವಲಂಬಿಯ ಮರಿಗಳು ಹಕ್ಕಿಯ ಮೈ ಸೇರಬೇಕಾದವು. 2005ರಲ್ಲಿ ಅವು ದಾರಿ ತಪ್ಪಿ, ಅಲ್ಲಿ ನೀರಿಗಿಳಿದವರ ಚರ್ಮಕ್ಕೆ ಹೊಕ್ಕು ತುರಿಕೆ ಎಬ್ಬಿಸಿದವು. ಇದನ್ನು ಸೇರಿಸಿ, ‘ಪಾಪ’ ಬಿಡಿ.

ಐದನೇ ಪುಟದಲ್ಲಿ ಒಂದು ಸಾಲಿದೆ: ‘ಮರಳು ಕೊಂಚ ಉಬ್ಬಿತು. ಉಬ್ಬು ಮುಂದೆ ಸರಿಯಿತು. ಹುಳು ಕಾಣಲಿಲ್ಲ.’ ಇದನ್ನು ಓದಿ ನಾನು ಪೆನ್ ಕೆಳಗಿಟ್ಟೆ. ಇದು ನೀವು ಕೂತು ಕಣ್ಣಾರೆ ನೋಡಿದ್ದು, ಗೊತ್ತಾಗುತ್ತದೆ. ಇಲ್ಲಿಂದಲೇ ಶುರು ಮಾಡಿ, ಎಂಟುನೂರು ಪದದೊಳಗೆ ಮುಗಿಸಿ, ಮತ್ತೆ ಕಳಿಸಿ.

ತಲೆಬರಹವನ್ನೂ ಬದಲಿಸಿ. ಮರಳಿನಲ್ಲಿ ನೀವು ನೋಡಿದ್ದು ಹುಳುವನ್ನು, ಮುತ್ತನ್ನಲ್ಲ.

— ಸಂಪಾದಕ