ಕಾಯೋಟೀಸ್ ಊರು ಬಿಟ್ಟಿದ್ದಕ್ಕೆ ಹೊಣೆ ಯಾರು?

ಪ್ರಶ್ನೆ: ಸಾರ್, ನಮ್ಮ ಐಸ್ ಹಾಕಿ ತಂಡ ಅರಿಜೋನಾ ಕಾಯೋಟೀಸ್ ಊರು ಬಿಡುತ್ತದೆಂಬ ಗಾಳಿಸುದ್ದಿ ವರ್ಷಗಟ್ಟಲೆ ಇತ್ತು. ಕೊನೆಗೆ ನಿಜವಾಯಿತು, ಮಗ ಅತ್ತೇಬಿಟ್ಟ. ತಪ್ಪು ಮಾಲೀಕರದೋ, ಊರಿನವರದೋ?
– ಓದುಗರೊಬ್ಬರು, ಫೀನಿಕ್ಸ್

ಉತ್ತರ: ನನ್ನ ಮಟ್ಟಿಗೆ ಮಾಲೀಕರದೇ. 2009ರಲ್ಲೇ ತಂಡ ದಿವಾಳಿಯಾಗಿತ್ತು. ಫೀನಿಕ್ಸ್ ಪಕ್ಕದ ಗ್ಲೆಂಡೇಲ್ ನಗರಸಭೆ 2022ರ ನಂತರ ತನ್ನ ಕ್ರೀಡಾಂಗಣದ ಗುತ್ತಿಗೆ ಮುಂದುವರಿಸಲಿಲ್ಲ. ಆಮೇಲೆ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಅಗ್ರ ಐಸ್ ಹಾಕಿ ಲೀಗ್) ತಂಡವೊಂದು ಐದು ಸಾವಿರ ಜನರೂ ಹಿಡಿಸದ ವಿಶ್ವವಿದ್ಯಾಲಯದ ಅಂಗಳದಲ್ಲಿ ಆಡಬೇಕಾಯಿತಲ್ಲ, ಅದು ನನಗೆ ನುಂಗಲಾರದ ತುತ್ತು. 2023ರಲ್ಲಿ ಪಕ್ಕದ ಟೆಂಪಿ ನಗರದ ಮತದಾರರು ತಂಡಕ್ಕೆ ಹೊಸ ಕ್ರೀಡಾಂಗಣ ಬೇಡವೆಂದರು, ಅವರನ್ನು ದೂರಲಾರೆ. 2024ರ ಏಪ್ರಿಲ್‌ನಲ್ಲಿ ತಮ್ಮ ಕೊನೆಯ ಪಂದ್ಯವನ್ನು ಎಡ್ಮಂಟನ್ ವಿರುದ್ಧ 5-2ರಿಂದ ಗೆದ್ದ ಆಟಗಾರರು, 120 ಕೋಟಿ ಡಾಲರ್ ವ್ಯವಹಾರದಲ್ಲಿ ಉದ್ಯಮಿ ರಯಾನ್ ಸ್ಮಿತ್ ಪಾಲಾಗಿ ಸಾಲ್ಟ್ ಲೇಕ್ ಸಿಟಿ ಸೇರಿದರು. 1996ರಲ್ಲಿ ಇದೇ ತಂಡವನ್ನು ಕಳೆದುಕೊಂಡ ಕೆನಡಾದ ವಿನ್ನಿಪೆಗ್‌ಗೆ 2011ರಲ್ಲಿ ಅಟ್ಲಾಂಟಾದ ತಂಡ ಬಂತು. ನಿಮ್ಮೂರಿಗೂ ಬರಲಿ ಎಂದು ಮನಸಾರೆ ಬಯಸುತ್ತೇನೆ.